ಹ್ಯಾಲೆಟ್ ಕೋವ್‌ನ ಹಿಮದ ಕೆರೆ

2010ರ ದಶಕದಲ್ಲಿ ನಾನು ವಾರದ ಐದು ದಿನ ಸಾಫ್ಟ್‌ವೇರ್ ಪರೀಕ್ಷಕ, ಉಳಿದೆರಡು ದಿನ ಪುರೋಹಿತ. ಎರಡನೆಯ ಹುದ್ದೆಗೆ ಅರ್ಜಿ ಹಾಕಿದವನಲ್ಲ. ಬಾಲ್ಯದ ಮಂತ್ರಗಳು ನಾಲಿಗೆಯ ಮೇಲೆ ಉಳಿದಿದ್ದವು, ಅಷ್ಟೆ. ಪೂಜೆಗೆ ಮೊದಲು ಸಂಕಲ್ಪ ಮಾಡುವಾಗ, ಯಾವ ಕಾಲದಲ್ಲಿ, ಯಾವ ನದಿಯ ದಡದಲ್ಲಿ ಕೂತಿದ್ದೇವೆಂದು ದೇವರಿಗೆ ವಿಳಾಸ ಕೊಡಬೇಕು. ಪರ್ತ್‌ನಲ್ಲೂ ಬ್ರಿಸ್ಬೇನ್‌ನಲ್ಲೂ ನಾನು ಬಾಯಿಪಾಠದ ಪ್ರಕಾರ ಗೋದಾವರಿಯ ದಕ್ಷಿಣ ತೀರವೆಂದೇ ಹೇಳಿದ್ದೆ. ದಕ್ಷಿಣ ಎಂಬುದಂತೂ ಸುಳ್ಳಲ್ಲ.

ಆಕ್ಷೇಪ ಬಂದದ್ದು ಅಡಿಲೇಡ್‌ನಲ್ಲಿ. ಬ್ಲೇರ್ ಅಥಾಲ್‌ನಲ್ಲಿ ಬಾಡಿಗೆಗಿದ್ದ ಪರಿಚಿತ ದಂಪತಿ ಹ್ಯಾಲೆಟ್ ಕೋವ್‌ನ ಕಡಲ ಬದಿಯಲ್ಲಿ ಸ್ವಂತ ಮನೆ ಮಾಡಿದ್ದರು. ಹೆಂಡತಿಯ ತಂದೆ ಬೆಂಗಳೂರಿನ ನಿವೃತ್ತ ಸರ್ವೇಯರ್. ಹೃದಯದ ತೊಂದರೆಯಿಂದಾಗಿ ವಿಮಾನ ಹತ್ತುವಂತಿಲ್ಲ.

“ಅಪ್ಪ ಒಪ್ಪೋವರೆಗೂ ನಾನು ಹಾಲು ಉಕ್ಕಿಸಲ್ಲ, ಈ ಮನೇಲಿ ಇರೋದೂ ಇಲ್ಲ,” ಎಂದು ಆಕೆ ಮೊದಲೇ ಹೇಳಿದ್ದರು. ಅಪ್ಪನನ್ನು ಟ್ಯಾಬ್‌ನಲ್ಲಿ, ಅಡುಗೆಕಟ್ಟೆಯ ಮೇಲೆ, ತೆಂಗಿನಕಾಯಿಗೆ ಒರಗಿಸಿ ಪ್ರತಿಷ್ಠಾಪಿಸಲಾಗಿತ್ತು.

“ತಡೀರಿ ಭಟ್ರೇ,” ಎಂದಿತು ಟ್ಯಾಬ್. “ಗೋದಾವರಿ ಯಾವಾಗ ಆ ಕಡೆ ಹರೀತು?”

ಹಿಂದಿನ ವಾರವಷ್ಟೇ ಅಲ್ಲಿಯ ಉದ್ಯಾನದ ಫಲಕ ಓದಿದ್ದೆ. ಪಾಂಡಿತ್ಯಕ್ಕೆ ಇದೇ ಮುಹೂರ್ತವೆನ್ನಿಸಿತು. ಒಂದು ಕಾಲಕ್ಕೆ ಈ ನೆಲದ ಮೇಲೆ ಮಂಜುಗಡ್ಡೆಯ ಹೊದಿಕೆ ಇತ್ತು, ಅದು ಕರಗಿ ಹಿಂದೆ ಸರಿದಾಗ ಇಲ್ಲೇ ಸರೋವರ ನಿಂತಿತ್ತು, ಗಡ್ಡೆಗಳು ಹೊತ್ತು ತಂದ ಬಂಡೆಗಳು ಇನ್ನೂ ಬಿದ್ದಿವೆ ಎಂದು ನಿವೇದಿಸಿ, ‘ಹಿಮಸರೋವರದ ತೀರ’ ಎನ್ನೋಣವೇ ಎಂದು ಕೇಳಿದೆ.

“ಕೆರೆನಾ? ಏನಮ್ಮಾ, ಕೆರೆ ಅಂಗಳದಲ್ಲಿ ಮನೆ ತಗೊಂಡ್ಬಿಟ್ಯಾ?”

ಕೆರೆ ಒತ್ತುವರಿ ಮಾಡಿ ಕಟ್ಟಿದ ಮನೆಗಳಿಗೆ ಗುರುತು ಹಾಕುವುದರಲ್ಲೇ ಅವರ ನೌಕರಿ ಮುಗಿದಿತ್ತು.

“ಅಪ್ಪ, ಅದು ಯಾವ್ದೋ ಕಾಲದ್ದು.”

“ಎಲ್ಲಾರೂ ಹಾಗೇ ಹೇಳ್ತಾರೆ. ಆಮೇಲೆ ಬುಲ್ಡೋಜರ್ ಬರತ್ತೆ. ಒಲೆ ಹಚ್ಬೇಡ.”

ಆಕೆ ಒಲೆಯ ಗುಂಡಿಯಿಂದ ಕೈ ತೆಗೆದು ನನ್ನನ್ನು ನೋಡಿದರು. ಪುರೋಹಿತರನ್ನು ನೋಡುವ ನೋಟ ಅದಲ್ಲ.

“ಯಾವಾಗ ಬತ್ತಿದ್ದು?” ಎಂದರು ಹಿರಿಯರು.

ಫಲಕವನ್ನು ಶಾಲೆಯವರ ಜೊತೆ ನೋಡಿ ಬಂದಿದ್ದ ಮೊಮ್ಮಗಳು, “ತಾತ, ಲೈಕ್, ಟೂ ಹಂಡ್ರೆಡ್ ಎಯ್ಟಿ ಮಿಲಿಯನ್ ಇಯರ್ಸ್ ಅಗೋ,” ಎಂದಳು.

“ಸುಮಾರು ಇಪ್ಪತ್ತೆಂಟು ಕೋಟಿ ವರ್ಷ,” ಎಂದು ನಾನು ಅನುವಾದಿಸಿದೆ.

ಅವರು ಕನ್ನಡಕ ಏರಿಸಿ, ಪಂಚಾಂಗ ತೆರೆದು, ಬೆರಳು ಮಡಿಸತೊಡಗಿದರು. ಪಾತ್ರೆಯಲ್ಲಿ ಹಾಲು ತಣ್ಣಗೆ ಕೂತಿತ್ತು.

“ಈಗಿನ ಮನ್ವಂತರ ಶುರುವಾಗಿ ಹನ್ನೆರಡು ಕೋಟಿ ವರ್ಷ. ಅಂದ್ರೆ ಆ ಕೆರೆ ಹಿಂದಿನ ಮನುವಿನ ಕಾಲದ್ದು,” ಎಂದರು, ಕಡತ ಮುಚ್ಚುವ ದನಿಯಲ್ಲಿ. “ಆ ದಾಖಲೆ ಈ ಮನುವಿಗೆ ಅನ್ವಯ ಆಗಲ್ಲ. ಒತ್ತುವರಿ ಅಲ್ಲ. ಭಟ್ರೇ, ನೀವು ಸುಮ್ನೆ ಸಮುದ್ರ ತೀರ ಅನ್ನಿ.”

“ಹಚ್ಲಾ ಅಪ್ಪಾ?”

“ಹಚ್ಚಮ್ಮ. ಪೂರ್ವಕ್ಕೆ ಉಕ್ಕಲಿ, ಒಳ್ಳೇದು.”

ಹಾಲು ಪಶ್ಚಿಮಕ್ಕೆ ಉಕ್ಕಿತು. ನಾನು ಟ್ಯಾಬ್‌ಗೆ ಅಡ್ಡವಾಗಿ ನಿಂತು ಮಂತ್ರವನ್ನು ಕೊಂಚ ಜೋರಾಗಿ ಹೇಳಿದೆ.