ಲೂಸಿಡ್ ಎಂಬ ಮಾತಿನ ಫಜೀತಿ

ಅಜ್ಜಂಪುರದ ಆಚೆಗಿನ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ನಾನೊಬ್ಬಳೇ ಉಪಾಧ್ಯಾಯಿನಿ. ಒಮ್ಮೆ ಇನ್‌ಸ್ಪೆಕ್ಟರು ಬಂದು, ನಾನು ಭಿನ್ನರಾಶಿ ಹೇಳಿಕೊಡುವುದನ್ನು ಕೇಳಿ, ಎಳನೀರು ಕುಡಿದು, ತನಿಖೆ ಪುಸ್ತಕದಲ್ಲಿ ನನ್ನ ಪಾಠ ‘ಲೂಸಿಡ್’ ಎಂದು ಇಂಗ್ಲಿಷಿನಲ್ಲಿ ಬರೆದು ಹೋದರು.

ಊರಿನಲ್ಲಿ ಇಂಗ್ಲಿಷ್ ಬಲ್ಲವರೆಂದರೆ ಶಾಲಾ ಕಮಿಟಿಯ ಅಧ್ಯಕ್ಷರಾಗಿದ್ದ ರಿಟೈರಾದ ಶಿರಸ್ತೇದಾರರೊಬ್ಬರೇ. ಓದಿ ಮುಖ ಗಂಟಿಕ್ಕಿದರು.

“ಲೂಸ್ ಅಂದ್ರೆ ಸಡಿಲ. ಲೂಸಿಡ್ ಅಂದ್ರೆ ಸಡಿಲ ಆಗೋಗಿರೋದು. ಹೆಂಗಸಿನ ವಿಷ್ಯ, ಬಿಡಿಸಿ ಹೇಳಕ್ಕಾಗಲ್ಲ.”

ಅವರು ಬಿಡಿಸಿ ಹೇಳದಿದ್ದುದನ್ನು ಸಂಜೆಯೊಳಗೆ ಊರೇ ಬಿಡಿಸಿಕೊಂಡಿತು. ಮರುದಿನ ಶಾಲೆಗೆ ಬಂದವರು ನಾಲ್ವರೇ ಹುಡುಗಿಯರು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಭಾನುವಾರ ಅಣ್ಣನ ಜೊತೆ ಗಾಡಿಯಲ್ಲಿ ತರೀಕೆರೆಗೆ ಹೋದೆ. ಅಲ್ಲಿ ಪರಿಚಯದ ವಕೀಲರೊಬ್ಬರ ಮನೆಯಲ್ಲಿ ದಪ್ಪ ನಿಘಂಟು ಇತ್ತು. ಅವರು ತೆಗೆದು ಓದಿದರು. ಲ್ಯಾಟಿನ್ ಭಾಷೆಯಲ್ಲಿ ಬೆಳಕಿಗಿರುವ ಮಾತಿನಿಂದ ಅದು ಹುಟ್ಟಿತಂತೆ. ಮೊದಲು ಹೊಳೆಯುವುದು ಎಂಬ ಅರ್ಥ. ಆಮೇಲೆ ತಿಳಿನೀರಿನಂತೆ ತಳದವರೆಗೂ ಕಾಣುವುದು. ಈಗ, ಕೇಳಿದವರಿಗೆ ಸಲೀಸಾಗಿ ಅರ್ಥವಾಗುವುದು. ನನಗೆ ಅಳುವೇ ಬಂತು. ಅಷ್ಟು ಚೆನ್ನಾಗಿ ನನ್ನನ್ನು ಯಾರೂ ಹೊಗಳಿರಲಿಲ್ಲ.

ವಕೀಲರು ಎಲ್ಲವನ್ನೂ ಒಂದಕ್ಷರ ಬಿಡದೆ ಕಾಗದದಲ್ಲಿ ಬರೆದುಕೊಟ್ಟರು. ಅದೇ ಎಡವಟ್ಟಾಯಿತು. ಹುಚ್ಚರಿಗೆ ನಡುನಡುವೆ ಬುದ್ಧಿ ನೆಟ್ಟಗಾಗುವ ಹೊತ್ತಿಗೂ ಇದೇ ಮಾತು ಬಳಸುತ್ತಾರೆಂದು ಕೊನೆಯಲ್ಲಿತ್ತು. ಕಾಗದವನ್ನು ತಂದು ಕೈಗಿತ್ತರೆ, ಅಧ್ಯಕ್ಷರು ಬೆಳಕನ್ನೂ ನೀರನ್ನೂ ದಾಟಿ ನೇರ ಅಲ್ಲಿಗೆ ಹೋಗಿ ನಿಂತರು.

“ನೋಡಿದ್ರಾ? ಇನ್‌ಸ್ಪೆಕ್ಟರು ಬಂದಾಗ ಈಯಮ್ಮಂಗೆ ನೆಟ್ಟಗಿತ್ತು ಅಂತ ಬರ್ದವ್ರೆ. ಮಿಕ್ಕ ಹೊತ್ತಿನ ಗತಿ?”

ಒಬ್ಬ ಸದಸ್ಯರು ದಿನವೂ ತರಗತಿಯಲ್ಲಿ ಕೂತು ನನ್ನ ಬುದ್ಧಿ ಯಾವಾಗ ಕೆಡುತ್ತದೆಂದು ನೋಡಬೇಕು ಎಂದು ಕಮಿಟಿ ತೀರ್ಮಾನಿಸಿತು. ಬಂದವರು ಕೊಬ್ಬರಿ ವ್ಯಾಪಾರದ ಯಜಮಾನರು; ಹೆಬ್ಬೆಟ್ಟು ಒತ್ತುವವರು. ಮೂರು ದಿನ ಕಣ್ಣು ಕೀಳದೆ ನನ್ನನ್ನೇ ನೋಡಿದರು. ನಾಲ್ಕನೆಯ ದಿನ ಹಲಗೆಯ ಮೇಲೆ ನಾನು ಬರೆದ ‘ಕಮಲ’ವನ್ನು ಹುಡುಗಿಯರಿಗಿಂತ ಮೊದಲೇ ಗಟ್ಟಿಯಾಗಿ ಓದಿಬಿಟ್ಟು, ನಾಚಿ ಮೀಸೆ ತಿರುವಿದರು.

ಕಮಿಟಿಯಲ್ಲಿ ಅವರು ಹೇಳಿದ್ದಿಷ್ಟೆ: “ಬುದ್ಧಿ ಕೆಟ್ಟಿದ್ದು ನಾ ಕಾಣ್ಲಿಲ್ಲ ಕಣ್ರೀ. ಈಯಮ್ಮನ ಪಾಠ ನನ್ನಂಥೋನ ತಲೆಗೇ ಹತ್ತೈತೆ.”

“ಇನ್ನಷ್ಟು ದಿನ ನೋಡಿ,” ಎಂದರು ಅಧ್ಯಕ್ಷರು, ಸೋಲೊಪ್ಪದೆ.

ಯಜಮಾನರು ತಕ್ಷಣ ಒಪ್ಪಿದರು. ಸೋಮವಾರ ಹೆಂಡತಿಯನ್ನೂ ಇಬ್ಬರು ಸೊಸೆಯರನ್ನೂ ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿ, “ಸಾಕ್ಷಿಗಿರ್ಲಿ ಅಂತ ಕರ್ಕಂಬಂದೆ” ಎಂದರು. ಮೂವರ ಕೈಯಲ್ಲೂ ಹೊಸ ಸ್ಲೇಟುಗಳಿದ್ದವು.