ಅಡುಗೆಮನೆ ಇಲ್ಲದ ಕೋಣೆ

ಸಿಂಗಪುರದ ಪಾಸಿರ್ ಪಂಜಾಂಗಿನ ಹಡಗು ಕಂಪನಿಯೊಂದರಲ್ಲಿ ಅನುಸೂಯಾ ಹತ್ತೊಂಬತ್ತು ವರ್ಷಗಳಿಂದ ಸರಕಿನ ಕಾಗದಪತ್ರ ತಯಾರಿಸುತ್ತಾಳೆ. ದಿನವೂ ಟೈಪ್ ಮಾಡುವ ಬಂದರುಗಳ ಹೆಸರಿನಲ್ಲಿ ಮಾಲ್ಟಾ ಯಾಕೋ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಐವತ್ತೆರಡು ತುಂಬಿದ ವರ್ಷ ಗಂಡ ಉಮೇಶನಿಗೆ ಹೇಳಿದಳು: "ಈ ಸಲ ಮಾಲ್ಟಾಕ್ಕ ಹೋಗೋಣ್ರಿ. ಹತ್ತು ದಿನ ನಾ ಸುಮ್ನ ಸಮುದ್ರ ನೋಡ್ಕೋತ ಕುಂದರಬೇಕು."

ಉಮೇಶ ತಂಜಾಂಗ್ ಪಗಾರಿನ ಬ್ಯಾಂಕಿನವನು, ಹಿಡಿದ ಕೆಲಸ ಅಚ್ಚುಕಟ್ಟು. ಗದಗಿನ ಕಡೆಯ ಗೆಳೆಯ ಶೇಖರಪ್ಪನ ಸಂಸಾರವನ್ನೂ ಸೇರಿಸಿಕೊಂಡು ಮಾಲ್ಟಾದ ಸಮುದ್ರದ ದಂಡೆಯಲ್ಲಿ ಒಂದು ದೊಡ್ಡ ಮನೆಯನ್ನೇ ಬುಕ್ ಮಾಡಿದ. ಫೋನಿನಲ್ಲಿ ಹೆಂಡತಿಗೆ ಮೊದಲು ತೋರಿಸಿದ್ದು ಅಡುಗೆಮನೆ.

"ನೋಡು, ನಾಕು ಒಲಿ ಅದಾವು! ನಿನಗ ಭಾಳ ಅನುಕೂಲ. ನೂರು ಕಡಕ್ ರೊಟ್ಟಿ, ಒಂದು ಕಿಲೋ ಶೇಂಗಾ ಹಿಂಡಿ ಮಾಡ್ಕೋ. ಕುಕ್ಕರ್ ನಾನೇ ಹೊರತೀನಿ."

ಹಿಂದಿನ ರಜೆಗಳಲ್ಲೂ ಹೀಗೇ ಆಗಿತ್ತು. ಫುಕೆಟ್ಟಿನಲ್ಲಿ ಅನುಸೂಯಾ ಸಮುದ್ರ ಕಂಡದ್ದು ಸಿಂಕಿನ ಮೇಲಿನ ಕಿಟಕಿಯಿಂದ. ಬಾಲಿಯಲ್ಲಿ ಆ ಕಿಟಕಿಯೂ ಇರಲಿಲ್ಲ. ಪರ್ತ್‌ನಲ್ಲಿ ಎಲ್ಲರೂ ಡಾಲ್ಫಿನ್ ನೋಡಲು ಹೋದಾಗ ಎಣ್ಣೆಗಾಯಿ ಕುದಿಯುತ್ತಿತ್ತು. ಉರಿ ಸಣ್ಣ ಮಾಡಲು ಯಾರಾದರೂ ಇರಬೇಕಲ್ಲ! ಹಿಂತಿರುಗಿದವರು ಅವಳ ಕೈರುಚಿಯನ್ನು ಹೊಗಳಿದರು. ಹೊಗಳಿ ಮುಗಿದ ಮೇಲೆ ಪಾತ್ರೆಗಳು ಉಳಿದವು.

ಉಮೇಶ ಅಡುಗೆಮನೆ ತೋರಿಸಿದ ಮರುದಿನ ಆಫೀಸಿನಲ್ಲಿ ಊಟದ ಹೊತ್ತಿಗೆ, ಆ ದೊಡ್ಡ ಮನೆಯಿಂದ ಎರಡು ಬೀದಿ ಆಚೆ, ಅವಳು ತನ್ನ ಹೆಸರಿನಲ್ಲೊಂದು ಕೋಣೆ ಹಿಡಿದಳು. ಮಂಚ, ಬಾಲ್ಕನಿ, ಬಚ್ಚಲು. ಅಷ್ಟೇ.

"ಗಂಡ-ಹೆಂಡ್ತಿ ಬ್ಯಾರೆ ಬ್ಯಾರೆ ಇದ್ರ ಶೇಖರಪ್ಪ ಏನ್ ತಿಳ್ಕೋತಾನ?" ಉಮೇಶ ಸಿಡುಕಿದ.

"ನೀವೂ ಬರ್ರಿ. ಡಬಲ್ ಮಂಚ ಐತಿ. ಒಲಿ ಮಾತ್ರ ಇಲ್ಲ."

"ಮತ್ತ ಊಟ?"

"ಆ ಊರಾಗೂ ಮಂದಿ ಉಣ್ತಾರಂತ."

ರಜೆ ಸಿಗದೆ ಸಿಂಗಪುರದಲ್ಲೇ ಉಳಿಯಲಿದ್ದ ಮಗಳು ವರ್ಣಿಕಾ ನಕ್ಕು, ಅಲ್ಲಿನವರ ಧಾಟಿಯಲ್ಲೇ ಹೇಳಿದಳು. "ಪಪ್ಪಾ, ಅಮ್ಮ ಸೀರಿಯಸ್ ಲಾ!"

ಮಾಲ್ಟಾ ತಲುಪಿದ ಮೇಲೂ ಉಮೇಶ ಹಟ ಹಿಡಿದು ದೊಡ್ಡ ಮನೆಯಲ್ಲೇ ಇಳಿದ. ಅನುಸೂಯಾ ಎರಡು ದಿನ ಬಾಲ್ಕನಿಯಲ್ಲಿ ಕೂತಳು. ಕೆಳಗೆ, ಮೂತಿಗೆ ಕಣ್ಣು ಬರೆದ ಬಣ್ಣದ ದೋಣಿಗಳು ತೂಗುತ್ತಿದ್ದವು. ಯಾರೋ ಕಾಫಿ ತಂದಿಟ್ಟರು. ಕುಡಿದ ಲೋಟ ಎತ್ತಲು ತಾನಾಗಿ ಚಾಚಿದ ಕೈಯನ್ನು ಅವಳು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಉಮೇಶ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದ: 'ಮಾಲ್ಟಾದಾಗ ಬಿಸಿ ಬಿಸಿ ರೊಟ್ಟಿ!' ತಟ್ಟೆಯ ಅಂಚಿನಲ್ಲಿ ಹಿಟ್ಟು ಮೆತ್ತಿದ ಒಂದು ಕೈ ಕಾಣುತ್ತಿತ್ತು, ಹಸಿರು ಬಳೆಯ ಕೈ. ಶೇಖರಪ್ಪನ ಹೆಂಡತಿ ರಜನಿಯದು. ಅನುಸೂಯಾ ಕಾಫಿಯನ್ನು ಅರ್ಧಕ್ಕೇ ಬಿಟ್ಟಳು. ತಾನು ಬಿಟ್ಟ ಕೆಲಸ ಎತ್ತ ಹೋಯಿತೆಂದು ಅವಳು ಈ ಎರಡು ದಿನ ಯೋಚಿಸಿಯೇ ಇರಲಿಲ್ಲ. ಚಪ್ಪಲಿ ಮೆಟ್ಟಿ ದೊಡ್ಡ ಮನೆಯತ್ತ ಹೊರಟಳು.

"ಬಂದ್ಳು ನೋಡೋ, ಬಂದ್ಳು! ನಾ ಹೇಳಿದ್ನಿಲ್ಲ, ಮೂರೇ ದಿನ ಅಂತ?" ಶೇಖರಪ್ಪನ ಬೆನ್ನು ತಟ್ಟಿ ಉಮೇಶ ನಕ್ಕ. ಶೇಖರಪ್ಪನ ಬೆಳೆದ ಗಂಡುಮಕ್ಕಳಿಬ್ಬರೂ ರೊಟ್ಟಿಗಾಗಿ ಕಾಯುತ್ತಿದ್ದರು. ಒಳಗೆ ರಜನಿ ಬೆವರಿನಲ್ಲಿ ತೊಯ್ದಿದ್ದಳು.

"ಚಲೋ ಆತು ಬಂದ್ರಿ ಅಕ್ಕಾ. ಒಬ್ಬಾಕಿಗೆ ಆಗವಲ್ದು."

ಅನುಸೂಯಾ ಒಲೆ ಆರಿಸಿದಳು. "ನಾ ಕೈಗೂಡ್ಸಾಕ ಬಂದಿಲ್ಲ ರಜನಿ. ನಿನ್ನ ಕರಕೊಂಡು ಹೋಗಾಕ ಬಂದೀನಿ."

"ಅಯ್ಯ, ಹಿಟ್ಟು ನಾದೀನಿ. ಆರಿದ್ರ ರೊಟ್ಟಿ ಹರೀತಾವ."

"ಹರೀಲಿ."

ಶೇಖರಪ್ಪ ಬಾಗಿಲಿಗೆ ಬಂದ. "ವೈನಿ, ಇದು ನಮ್ಮ ಮನಿ ವಿಚಾರ."

"ಹೌದ್ರಿ. ನಾಕು ಒಲಿ, ನಾಕು ಗಂಡಸರು. ಮನಿ ನಿಮ್ದು, ಮಾಡ್ಕೋರಿ."

ಉಮೇಶನ ನಗು ನಿಂತಿತ್ತು. "ಅನು, ಸಾಕು ಮಾಡು. ಮಂದಿ ಮುಂದ ಮಾನ ಕಳೀಬ್ಯಾಡ."

"ಹಸಿವಾದ್ರ ಹೋಟೆಲ್ ಅದಾವು, ಮಾನಕ್ಕೇನ್ ಆಗಂಗಿಲ್ಲ," ಎಂದು ಅವಳು ರಜನಿಯತ್ತ ತಿರುಗಿದಳು. ಇನ್ನು ಬರುವುದು ಬಿಡುವುದು ರಜನಿಗೆ ಬಿಟ್ಟದ್ದು.

ರಜನಿ ಗಂಡನ ಮುಖ ನೋಡಿದಳು. ಆಮೇಲೆ ನಲ್ಲಿ ತಿರುಗಿಸಿ, ಉಗುರಿನ ಸಂದಿಯ ಹಿಟ್ಟು ಹೋಗುವವರೆಗೂ ನಿಧಾನವಾಗಿ ಕೈ ತೊಳೆದಳು. ಯಾರ ಮಾತಿಗೂ ಕಾಯಲಿಲ್ಲ.

ಇಬ್ಬರೂ ಬಂದರಿನ ಕಟ್ಟೆಗೆ ಬಂದು ಕೂರುವಷ್ಟರಲ್ಲಿ ರಜನಿಯ ಫೋನು ಹೊಡೆದುಕೊಂಡಿತು. "ಉಪ್ಪು ಎಲ್ಲಿಟ್ಟೀದಿ?" ಶೇಖರಪ್ಪನ ದನಿ ಅನುಸೂಯಾಗೂ ಕೇಳಿಸಿತು.

ರಜನಿ ಬಾಯಿ ತೆರೆದಳು. ಅನುಸೂಯಾ ದೋಣಿಗಳತ್ತ ಮುಖ ತಿರುಗಿಸಿದಳು.

"ಹುಡುಕ್ರಿ," ಎಂದಳು ರಜನಿ. ಫೋನನ್ನು ಕಟ್ಟೆಯ ಮೇಲೆ ಬೋರಲಾಗಿಟ್ಟು ಕಾಲು ಚಾಚಿದಳು.