ಗೌಂಡಿಯ ಬಿಳಿ ಪಟಕಾ

ಅಥಣಿ ಸೀಮೆಯ ನಮ್ಮೂರಿನಲ್ಲಿ ಕಲ್ಲು-ಗಾರೆ ಕೆಲಸ ಮಾಡುವ ಮುದುಕ ಗೌಂಡಿ ಯಾವ ಮಾತಿಗೂ "ಕಣ್ಣಾರೆ ನೋಡ್ರಿ" ಅನ್ನುತ್ತಿದ್ದ. ಓಣಿಯ ಬಚ್ಚಲ ನೀರನ್ನೆಲ್ಲ ಖಡಿಕಲ್ಲು, ಉಸುಕು, ಜೊಂಡು ತುಂಬಿದ ತೊಟ್ಟಿಯಲ್ಲಿ ಸೋಸಿ ಶಾಲೆಯ ಬೇವಿನ ಸಸಿಗಳಿಗೆ ಬಿಡುತ್ತಿದ್ದ. ಬೇಸಗೆಯಲ್ಲಿ ಅವಕ್ಕೆ ಬೇರೆ ನೀರಿರಲಿಲ್ಲ.

ಒಂದು ದಿನ ಊರ ಗೌಡರು ತೊಟ್ಟಿ ಮುಚ್ಚಿಸಲು ಜೇಸಿಬಿ ತಂದರು.

"ಎಲ್ಲಾ ಜಾತಿ ಮನಿ ನೀರ ಇದರಾಗ ಕೂಡೈತಿ. ಮೈಲಿಗಿ ಲೇ!"

"ಹಂಗಾರ ನಿಮ್ಮ ಮನೀದಷ್ಟ ಆರಿಸ್ಕೊಂಡ ಹೋಗ್ರಿ, ಗೌಡ್ರ," ಅಂದ ಗೌಂಡಿ.

ನೆಲಕ್ಕೆ ಎಂದೂ ತಾಗಿಸದ ತಲೆಯ ಬಿಳಿ ಪಟಕಾ ಬಿಚ್ಚಿ, ಸೋಸಿ ಬಂದ ನೀರಿನಲ್ಲಿ ಅದ್ದಿ ಹಿಂಡಿ, ಒದ್ದೆಯಾಗಿಯೇ ಸುತ್ತಿಕೊಂಡ. ತೊಟ್ಟಿಯ ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಕಣ್ಣಾರೆ ನೋಡ್ರಿ. ಈ ಪಟಕಾದ ಮ್ಯಾಲ ಒಂದ ಹೊಲಸ ಕಲಿ ತೋರಸ್ರಿ, ನಾನ ಏಳ್ತೀನಿ."

ಗೌಡರು ನೋಡಲಿಲ್ಲ. ಜೇಸಿಬಿಯವನು ನೋಡಿದ. ಯಂತ್ರ ಬಂದ್ ಮಾಡಿ ಇಳಿದು, ಅದೇ ನೀರಿನಲ್ಲಿ ಮುಖ ತೊಳೆದುಕೊಂಡ.